ಬಸಿರಲ್ಲಿ ‘ಒಂದೇ ಗ್ಲಾಸ್’ ಪರವಾಗಿಲ್ವಾ?

ಗರ್ಭಿಣಿ ಒಂದೇ ಒಂದು ಗ್ಲಾಸ್ ವೈನ್ ಕುಡಿದ್ರೆ ಏನಾಗುತ್ತೆ? ‘ಕುಡೀಲೇಬೇಕು ಅಂದ್ರೆ ವಾರಕ್ಕೆ ಒಂದೆರಡು ಸಲ, ಒಂದೆರಡು ಯೂನಿಟ್ (ಅಲ್ಲಿನ ಮದ್ಯದ ಅಳತೆ) ಮೀರಬೇಡಿ’ ಅಂತಿತ್ತು ಬ್ರಿಟನ್. 2016ರಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗಳು ಮಾತು ಬದಲಿಸಿದ್ರು: ಒಂದು ಹನಿಯೂ ಬೇಡ. ಯಾಕಂದ್ರೆ ‘ಇಷ್ಟಾದ್ರೆ ಸುರಕ್ಷಿತ’ ಅನ್ನೋಕೆ ಅಳತೆಯೇ ಸಿಕ್ಕಿಲ್ಲ.

ತಾಯಿಯ ರಕ್ತದಲ್ಲಿರೋ ಆಲ್ಕೋಹಾಲ್ ಮಾಸು ದಾಟಿ ಮಗುವಿಗೆ ಹೋಗುತ್ತೆ. ಅದನ್ನ ಅರಗಿಸೋಷ್ಟು ಮಗುವಿನ ಲಿವರ್ ಬಲಿತಿರಲ್ಲ. ಮೆದುಳಂತೂ ಒಂಬತ್ತೂ ತಿಂಗಳು ಬೆಳೀತಾನೇ ಇರುತ್ತೆ. ಹಾಗಾಗಿ ‘ಮೂರು ತಿಂಗಳು ಕಳೀತಲ್ಲ’ ಅನ್ನೋ ಲೆಕ್ಕ ನಡೆಯಲ್ಲ. ‘ಬಿಯರ್ ತಾನೇ’ ಅನ್ನೋದೂ ಅಷ್ಟೇ, ಒಳಗಿರೋದು ಅದೇ ಎಥನಾಲ್.

ಬಸಿರು ಅಂತ ಗೊತ್ತಾಗೋ ಮೊದಲು ಸ್ವಲ್ಪ ಕುಡಿದಿದ್ರಾ? ಗಾಬರಿ ಬೇಡ, ಅಪಾಯ ಕಡಿಮೆಯೇ ಅನ್ನುತ್ತೆ ಬ್ರಿಟನ್ನಿನ ಅದೇ 2016ರ ಮಾರ್ಗಸೂಚಿ. ಇವತ್ತೇ ನಿಲ್ಲಿಸಿ. ಡಾಕ್ಟರ್ ಹತ್ರ ಮುಚ್ಚಿಡದೆ ಹೇಳಿ.