ಪ್ರಚಾರದ ದಣಿವು, ಪ್ರಚಾರದ ಹುರುಪು

ಶಿವಮೊಗ್ಗ ನಗರದ ಮತದಾರನು 2018ನೆಯ ಇಸವಿಯ ಮೇ 12ರಂದು ವಿಧಾನಸಭೆಗೆ ಮತ ನೀಡಿದನು. ಆಗಸ್ಟ್ 31ರಂದು ಮಹಾನಗರಪಾಲಿಕೆಗೆ ಮತ ನೀಡಿದನು. ನವೆಂಬರ್ 3ರಂದು ಲೋಕಸಭೆಯ ಉಪಚುನಾವಣೆಗೆ ಮತ್ತೆ ಸಾಲಿನಲ್ಲಿ ನಿಂತನು; ಮರುವರ್ಷ ಏಪ್ರಿಲ್ 23ರಂದು ಸಾರ್ವತ್ರಿಕ ಚುನಾವಣೆಗಾಗಿ ಅದೇ ಸಾಲಿನಲ್ಲಿ ಇನ್ನೊಮ್ಮೆ ನಿಂತನು. ಹನ್ನೆರಡು ತಿಂಗಳು ತುಂಬುವುದರೊಳಗೆ ನಾಲ್ಕು ಸಲ ಬೆರಳಿಗೆ ಶಾಯಿ!

ಗಾಂಧಿ ಬಜಾರನ್ನು ಬಲ್ಲವರಿಗೆ ಇದರ ಭಾರವೆಷ್ಟೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಟ್ಟೆ, ಬಂಗಾರ, ಪಾತ್ರೆ, ಹೂವು, ಕಿರಾಣಿಗಳ ಅಂಗಡಿಗಳು ಒಂದಕ್ಕೊಂದು ಒತ್ತಿಕೊಂಡಿರುವ ಆ ಬೀದಿಯಲ್ಲಿ ಸಾಮಾನ್ಯ ದಿನಗಳಲ್ಲಿಯೇ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದು ಕಷ್ಟ. ಚುನಾವಣೆಯ ಕಾಲದಲ್ಲಂತೂ ಧ್ವನಿವರ್ಧಕ ಕಟ್ಟಿದ ಆಟೋರಿಕ್ಷಾ ಒಂದು ಹೋಯಿತೆನ್ನುವಷ್ಟರಲ್ಲಿ ಮತ್ತೊಂದು ಬರುತ್ತದೆ. 2018ರ ಉಪಚುನಾವಣೆಯ ಪ್ರಚಾರವು ದಸರಾ ಮತ್ತು ದೀಪಾವಳಿಗಳ ನಡುವಣ ವ್ಯಾಪಾರದ ದಿನಗಳನ್ನೇ ಆವರಿಸಿತ್ತು. ಏಪ್ರಿಲ್‌-ಮೇ ತಿಂಗಳ ಚುನಾವಣೆಗಳೋ, ಮದುವೆಯ ಜವಳಿ ತೆಗೆಯುವ ಕಾಲಕ್ಕೆ ಸರಿಯಾಗಿ ಬರುತ್ತವೆ. ನೀತಿಸಂಹಿತೆ ಜಾರಿಯಲ್ಲಿರುವಾಗ 50,000 ರೂಪಾಯಿಗೆ ಮೀರಿದ ನಗದನ್ನು ದಾಖಲೆಯಿಲ್ಲದೆ ಒಯ್ಯುವವರನ್ನು ಚೆಕ್‌ಪೋಸ್ಟಿನಲ್ಲಿ ತಡೆದು ಹಣವನ್ನು ವಶಪಡಿಸಿಕೊಳ್ಳಬಹುದು. ಹಳ್ಳಿಯಿಂದ ಮದುವೆಯ ಬಟ್ಟೆಗೆಂದು ಹೊರಟ ಕುಟುಂಬಕ್ಕೆ ಇದು ಎಂತಹ ಅಂಜಿಕೆಯೆಂಬುದನ್ನು ಊಹಿಸಿಕೊಳ್ಳಬಹುದು.

ಹೀಗಿರಲು, ಗಲ್ಲೆಯ ಮುಂದೆ ಕುಳಿತ ವರ್ತಕನು ಸಂಜೆಯ ಹೊತ್ತಿಗೆ ಬಳಲಿ, "ಇದು ಮುಗಿದರೆ ಸಾಕು" ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಬೇರೆಡೆ. ಅದೇ ಅಂಗಡಿಯ ಮುಂದೆ ಕರಪತ್ರ ಹಂಚುತ್ತ ಹೋಗುವ ಕಾರ್ಯಕರ್ತನನ್ನು ನೋಡಿ. ಆತನು ಬೆಳಗಿನಿಂದ ಬಿಸಿಲಿನಲ್ಲಿ ನಡೆದಿದ್ದಾನೆ, ಹೊತ್ತಿಗೆ ಸರಿಯಾಗಿ ಉಂಡಿಲ್ಲ, ಗಂಟಲು ಒಡೆದುಹೋಗಿದೆ. ಆದರೂ ಅವನ ಕಣ್ಣಿನಲ್ಲಿ ಹೊಳಪು, ಕಾಲಿನಲ್ಲಿ ಚುರುಕು. ಕುಳಿತವನು ದಣಿದಿದ್ದಾನೆ, ನಡೆದವನು ದಣಿದಿಲ್ಲ! ಇದಕ್ಕೆ ಕಾರಣವೇನು?

ದಣಿವನ್ನು ಅಳೆಯುವ ಪ್ರಯತ್ನ ಹೊಸದಲ್ಲ. ಇಟಲಿಯ ಟ್ಯೂರಿನ್ ನಗರದ ಶರೀರವಿಜ್ಞಾನಿ ಆಂಜೆಲೊ ಮೊಸ್ಸೊ ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಬೆರಳೊಂದು ತೂಕವನ್ನು ಎತ್ತಿ ಎತ್ತಿ ಸೋಲುವುದನ್ನು ಗೆರೆಯಾಗಿ ಬರೆದು ತೋರಿಸುವ ಯಂತ್ರವೊಂದನ್ನು ರಚಿಸಿದನು. ಅವನ ಸಹೋದ್ಯೋಗಿಯೊಬ್ಬನು ವಿದ್ಯಾರ್ಥಿಗಳಿಗೆ ಮೌಖಿಕ ಪರೀಕ್ಷೆ ನಡೆಸಿ ಬಂದ ಬಳಿಕ ಅದೇ ಬೆರಳಿನ ಶಕ್ತಿ ಗಣನೀಯವಾಗಿ ಕುಗ್ಗಿದ್ದುದು ಕಂಡುಬಂದಿತು. ಬೆರಳು ದುಡಿದಿರಲಿಲ್ಲ, ದುಡಿದದ್ದು ಮನಸ್ಸು. ಮೊಸ್ಸೊನ ಗ್ರಂಥವು 1891ರಲ್ಲಿ ಪ್ರಕಟವಾಯಿತು. ಅಂದಿನಿಂದ ಬಹುಕಾಲ ವಿದ್ವಾಂಸರು ಮನಸ್ಸಿನ ಬಲವನ್ನು ಹಂಡೆಯಲ್ಲಿಟ್ಟ ನೀರಿನಂತೆ ಭಾವಿಸಿದರು: ಮೊಗೆದಷ್ಟೂ ಬರಿದಾಗುವುದು, ನಿದ್ರೆಯಿಂದ ತುಂಬುವುದು. ಈ ಹಂಡೆಯ ಸಿದ್ಧಾಂತವು ಸರಳವೇನೋ ಹೌದು. ಆದರೆ 2016ರಲ್ಲಿ ಇಪ್ಪತ್ತಮೂರು ಪ್ರಯೋಗಶಾಲೆಗಳು ಒಟ್ಟುಗೂಡಿ ಅದರ ಒಂದು ಮುಖ್ಯ ಪ್ರಯೋಗವನ್ನು ಮರಳಿ ನಡೆಸಿದಾಗ, ನಿರೀಕ್ಷಿಸಿದ ಪರಿಣಾಮವು ಹೆಚ್ಚುಕಡಿಮೆ ಕಾಣಿಸಲೇ ಇಲ್ಲ. ಹಂಡೆಯ ಲೆಕ್ಕದಿಂದ ನಮ್ಮ ಕಾರ್ಯಕರ್ತನ ಹುರುಪನ್ನು ವಿವರಿಸುವುದೂ ಸಾಧ್ಯವಿಲ್ಲ.

ಅಮೆರಿಕದಲ್ಲಿ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನೋವಿಜ್ಞಾನಿಗಳು 1960ರ ದಶಕದ ಕೊನೆಯಲ್ಲಿ ನಡೆಸಿದ ಪ್ರಯೋಗವು ನಮ್ಮ ಬಜಾರಿಗೆಂದೇ ಹೇಳಿ ಮಾಡಿಸಿದಂತಿದೆ. ಅವರು ಒಂದು ಕರ್ಕಶವಾದ ಗದ್ದಲವನ್ನು ಸಿದ್ಧಪಡಿಸಿದರು. ಇಬ್ಬರು ಸ್ಪಾನಿಷ್ ಭಾಷೆಯಲ್ಲಿ, ಒಬ್ಬನು ಆರ್ಮೇನಿಯನ್ ಭಾಷೆಯಲ್ಲಿ ಮಾತಾಡುವುದು, ಅದರ ಮೇಲೆ ಬೆರಳಚ್ಚು ಯಂತ್ರ, ಲೆಕ್ಕದ ಯಂತ್ರ, ಪ್ರತಿ ತೆಗೆಯುವ ಯಂತ್ರಗಳ ಸದ್ದು, ಎಲ್ಲವನ್ನೂ ಬೆರೆಸಿ 108 ಡೆಸಿಬೆಲ್ಲಿನವರೆಗೆ ಏರಿಸಿ ಜನರಿಗೆ ಕೇಳಿಸಿದರು. (ನಮ್ಮ ದೇಶದ ನಿಯಮದಂತೆ ವಾಣಿಜ್ಯ ಪ್ರದೇಶದಲ್ಲಿ ಹಗಲಿನ ಮಿತಿ 65 ಡೆಸಿಬೆಲ್.) ಕೆಲವರಿಗೆ ಆ ಗದ್ದಲವು ನಿಯಮಿತವಾಗಿ ಬರುತ್ತಿತ್ತು, ಕೆಲವರಿಗೆ ಯಾವಾಗ ಬರುವುದೆಂದು ತಿಳಿಯದಂತೆ ಬರುತ್ತಿತ್ತು. ಗದ್ದಲವಿರುವಾಗ ಇಬ್ಬಗೆಯವರೂ ಕೊಟ್ಟ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ವ್ಯತ್ಯಾಸವು ಕಾಣಿಸಿದುದು ಸದ್ದು ನಿಂತ ಮೇಲೆ. ಎರಡನೆಯ ವರ್ಗದವರು ಕಠಿಣವಾದ ಒಗಟುಗಳನ್ನು ಬೇಗನೆ ಕೈಬಿಟ್ಟರು. ಕರಡು ತಿದ್ದುವಾಗ ಹೆಚ್ಚು ತಪ್ಪುಗಳನ್ನು ಗಮನಿಸದೆ ಬಿಟ್ಟರು.

ಮುಂದಿನ ಸಂಗತಿ ಇನ್ನೂ ಸ್ವಾರಸ್ಯಕರ. ಕೆಲವರ ಕೈಗೆ ಒಂದು ಗುಂಡಿಯನ್ನು ಕೊಟ್ಟು, "ಸಹಿಸಲಾಗದಿದ್ದರೆ ಇದನ್ನೊತ್ತಿ, ಸದ್ದು ನಿಲ್ಲುತ್ತದೆ, ಆದರೆ ಒತ್ತದಿದ್ದರೆ ಒಳ್ಳೆಯದು" ಎಂದು ಹೇಳಲಾಯಿತು. ಅವರಲ್ಲಿ ಹೆಚ್ಚಿನವರು ಅದನ್ನು ಒತ್ತಲೇ ಇಲ್ಲ. ಕೇಳಿದ ಸದ್ದು ಅಷ್ಟೇ. ಆದರೂ ಅನಂತರದ ಒಗಟುಗಳಲ್ಲಿ ಅವರು ಗುಂಡಿಯಿಲ್ಲದವರಿಗಿಂತ ಹಲವು ಪಟ್ಟು ಹೆಚ್ಚು ಪ್ರಯತ್ನ ಮಾಡಿದರು. ಎಂದರೆ, ಅವರನ್ನು ಬಳಲಿಸಿದುದು ಸದ್ದಿನ ಪ್ರಮಾಣಕ್ಕಿಂತ ಹೆಚ್ಚಾಗಿ, ಅದರ ಮೇಲೆ ತಮ್ಮ ಕೈ ನಡೆಯದೆಂಬ ಭಾವನೆ.

ಈಗ ಗಾಂಧಿ ಬಜಾರಿಗೆ ಮರಳೋಣ. ಆಟೋರಿಕ್ಷಾ ಯಾವಾಗ ಬರುವುದೆಂದು ವರ್ತಕನಿಗೆ ಗೊತ್ತಿಲ್ಲ. ಬಂದರೆ ನಿಲ್ಲಿಸುವ ಅಧಿಕಾರವೂ ಇಲ್ಲ. ರಾತ್ರಿ 10 ಗಂಟೆಗೆ ಧ್ವನಿವರ್ಧಕಗಳು ಬಾಯಿಮುಚ್ಚಬೇಕೆಂಬ ನಿಯಮವೊಂದೇ ಅವನ ಪಾಲಿನ ಗುಂಡಿ. ಕಾರ್ಯಕರ್ತನಾದರೋ ಆ ಆಟೋವನ್ನು ಕಳುಹಿಸಿದವನು. ತನ್ನ ಓಡಾಟದಿಂದ ಫಲಿತಾಂಶವು ಒಂದು ಕೂದಲೆಳೆಯಷ್ಟಾದರೂ ಅತ್ತಿತ್ತ ಸರಿಯುವುದೆಂದು ಅವನು ನಂಬಿದ್ದಾನೆ. ನಂಬಿಕೆ ಸುಳ್ಳಿರಬಹುದು, ಪ್ರಯೋಗದ ಗುಂಡಿಯನ್ನೂ ಹೆಚ್ಚಿನವರು ಒತ್ತಿರಲಿಲ್ಲವಷ್ಟೆ.

ಇದಲ್ಲದೆ ಅವನು ಒಬ್ಬಂಟಿಯಲ್ಲ. ಗುಂಪಿನಲ್ಲಿ ಒಂದೇ ಘೋಷಣೆಯನ್ನು ಕೂಗುತ್ತ, ಒಂದೇ ಹೆಜ್ಜೆ ಹಾಕುವ ಮನುಷ್ಯನಲ್ಲಿ ಒಂದು ವಿಶೇಷ ಉಬ್ಬರವೇಳುವುದನ್ನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮನು 1912ರಲ್ಲಿಯೇ ವರ್ಣಿಸಿದ್ದನು. ಶಿವಮೊಗ್ಗದವರಿಗೆ ಇದನ್ನು ತಿಳಿಯಲು ಫ್ರಾನ್ಸಿನವರೆಗೆ ಹೋಗಬೇಕಾಗಿಲ್ಲ. ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ದೇವಿಯನ್ನು ಮೊದಲು ಗಾಂಧಿ ಬಜಾರಿನಲ್ಲಿ ಕೂರಿಸಿದಾಗ ಆ ಬೀದಿಯಲ್ಲಿ ಸೇರುವ ಜನಸ್ತೋಮವು ಯಾವ ಮೆರವಣಿಗೆಗೂ ಕಡಿಮೆಯಲ್ಲ. ಗಂಟೆಗಟ್ಟಲೆ ನಿಂತವರು ಕಾಲುನೋವೆಂದರೂ ಮನಸ್ಸು ಸೋತಿತೆನ್ನುವುದಿಲ್ಲ. ಆದರೆ ಜಾತ್ರೆಗೆ ಐದು ದಿನಗಳ ಮಿತಿಯುಂಟು, ಮತ್ತು ಅಲ್ಲಿ ಎದುರು ಪಕ್ಷವಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ವೇಳಾಪಟ್ಟಿ ಪ್ರಕಟವಾದ ಮಾರ್ಚ್ 16ರಿಂದ ಶಿವಮೊಗ್ಗದಲ್ಲಿ ಮತದಾನ ನಡೆದ ಮೇ 7ರವರೆಗೆ 52 ದಿನಗಳು ಕಳೆದವು.

ಇಷ್ಟು ದೀರ್ಘಕಾಲದ ಉದ್ವೇಗವನ್ನು ಶರೀರವು ಹೇಗೆ ತಾಳುತ್ತದೆ? ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಉದ್ವೇಗದ ಸಮಯದಲ್ಲಿ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯದ ಬಡಿತವೇರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಹುರುಪಿಗೂ ಕಳವಳಕ್ಕೂ ಇಲ್ಲಿ ಬಹುಮಟ್ಟಿಗೆ ಒಂದೇ ಸಾಮಗ್ರಿ. ಮಾಂಟ್ರಿಯಲ್ಲಿನ ಹಾನ್ಸ್ ಸೆಲ್ಯೆ 1936ರಲ್ಲಿ ತೋರಿಸಿದಂತೆ, ಒತ್ತಡಕ್ಕೆ ಸಿಕ್ಕ ಶರೀರವು ಮೊದಲು ಬೆಚ್ಚುತ್ತದೆ, ಬಳಿಕ ಎದುರಿಸಿ ನಿಲ್ಲುತ್ತದೆ, ಒತ್ತಡ ತೀರದಿದ್ದರೆ ಕೊನೆಗೆ ಸೋಲುತ್ತದೆ. ಇಸ್ರೇಲಿನಲ್ಲಿ 2009ರ ಚುನಾವಣೆಯಂದು ಮತಗಟ್ಟೆಗೆ ಬಂದವರ ಜೊಲ್ಲನ್ನು ಪರೀಕ್ಷಿಸಿದಾಗ ಕಾರ್ಟಿಸಾಲಿನ ಪ್ರಮಾಣವು ಚುನಾವಣೆಯಿಲ್ಲದ ದಿನಕ್ಕಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಅಮೆರಿಕದಲ್ಲಿ 2008ರ ಫಲಿತಾಂಶದ ರಾತ್ರಿ, ಸೋತ ಅಭ್ಯರ್ಥಿಗೆ ಮತ ನೀಡಿದ್ದ ಗಂಡಸರ ಟೆಸ್ಟೋಸ್ಟಿರೋನ್ ಇಳಿಯಿತು. ಗೆದ್ದವನ ಕಡೆಯವರದು ಹಾಗೆಯೇ ನಿಂತಿತು. ಅವರಾರೂ ಕಣಕ್ಕಿಳಿದಿರಲಿಲ್ಲ, ಮನೆಯಲ್ಲಿ ಕುಳಿತು ಸುದ್ದಿ ನೋಡಿದವರು.

ಮಿದುಳಿನೊಳಗಿನ ದಣಿವಿನ ವಿಷಯವಾಗಿಯೂ ಕೆಲಮಟ್ಟಿಗೆ ಬೆಳಕು ಬಿದ್ದಿದೆ. 2022ರಲ್ಲಿ ಪ್ಯಾರಿಸಿನ ಸಂಶೋಧಕರು, ದಿನವಿಡೀ ಕಠಿಣವಾದ ಬೌದ್ಧಿಕ ಕೆಲಸ ಮಾಡಿದವರ ಮಿದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ದ್ರವ್ಯವು ಸಂಚಯವಾಗುವುದನ್ನು ಕಂಡರು. ಅಂಥವರು ಸಂಜೆ ಶ್ರಮವಿಲ್ಲದ, ಕೂಡಲೆ ಕೈಗೆ ಸಿಗುವ ಲಾಭವನ್ನೇ ಹೆಚ್ಚಾಗಿ ಆಯ್ದುಕೊಂಡರು. ದಣಿದ ಮತದಾರನು ಪ್ರಣಾಳಿಕೆಯನ್ನು ಓದುವುದಕ್ಕಿಂತ ಘೋಷಣೆಯೊಂದನ್ನು ನೆಚ್ಚಿಕೊಳ್ಳುವುದು ಇದೇ ಕಾರಣದಿಂದಲೋ ಏನೋ. ಇದು ನಮ್ಮ ಊಹೆ, ಪ್ಯಾರಿಸಿನವರು ಹೇಳಿದುದಲ್ಲ.

ಹಾಗಾದರೆ ಮೇಲಿಂದ ಮೇಲೆ ಬರುವ ಚುನಾವಣೆಗಳಿಂದ ಜನರು ಬೇಸತ್ತು ಮತದಾನವನ್ನೇ ತೊರೆಯುವರೆ? ಹಲವು ರಾಜ್ಯಶಾಸ್ತ್ರಜ್ಞರು ಹಾಗೆ ಅಭಿಪ್ರಾಯಪಟ್ಟಿದ್ದಾರೆ. ಪದೇ ಪದೇ ಮತ ಕೇಳುವ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕಗಳಲ್ಲಿ ಮತದಾನದ ಪ್ರಮಾಣ ಕಡಿಮೆಯಿರುವುದನ್ನು ಅದಕ್ಕೆ ನಿದರ್ಶನವಾಗಿ ತೋರಿಸುತ್ತಾರೆ. ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿಯೂ 2018ರ ನವೆಂಬರಿನ ಉಪಚುನಾವಣೆಯಲ್ಲಿ ಮತ ನೀಡಿದವರು ನೂರಕ್ಕೆ ಸುಮಾರು 61 ಮಂದಿ ಮಾತ್ರ. ದಣಿವಿನ ಪರಿಣಾಮವೆಂದು ನಾವು ತೀರ್ಮಾನಿಸಿಬಿಡಬಹುದಿತ್ತು. ಆದರೆ ಆರು ತಿಂಗಳು ಕಳೆಯುವುದರೊಳಗೆ, ಎಂದರೆ ಇನ್ನೂ ಹೆಚ್ಚು ದಣಿದಿರಬೇಕಾದ ಸಮಯದಲ್ಲಿ, ಅದೇ ಕ್ಷೇತ್ರದಲ್ಲಿ ನೂರಕ್ಕೆ ಸುಮಾರು 76 ಮಂದಿ ಮತ ನೀಡಿದರು! ಉಪಚುನಾವಣೆಯಲ್ಲಿ ಗೆದ್ದವರಿಗೆ ಉಳಿದಿದ್ದ ಅವಧಿ ಅರ್ಧ ವರ್ಷದಷ್ಟು. ಅಲ್ಲಿ ದೇಶದ ಸರಕಾರವು ಬದಲಾಗುವಂತಿರಲಿಲ್ಲ. ಎರಡನೆಯದರಲ್ಲಿ ಬದಲಾಗುವ ಸಾಧ್ಯತೆಯಿತ್ತು. ಮತದಾರನು ದಣಿದಿದ್ದನೆನ್ನುವುದಕ್ಕಿಂತ ಲೆಕ್ಕ ಹಾಕುತ್ತಿದ್ದನೆನ್ನುವುದೇ ನಮಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ.

ದಣಿದವರಿಗೆ ಪತ್ರಿಕೆಗಳು ಸಾಮಾನ್ಯವಾಗಿ ನೀಡುವ ಉಪದೇಶ: ಸುದ್ದಿಯಿಂದ ದೂರವಿರಿ, ಮನಸ್ಸನ್ನು ಬೇರೆಡೆಗೆ ತಿರುಗಿಸಿ. ಇದರಲ್ಲೊಂದು ತೊಡಕುಂಟು. ಬ್ರೆಟ್ ಫೋರ್ಡ್ ಮತ್ತು ಸಂಗಡಿಗರು ದಿನದಿನದ ರಾಜಕೀಯವು ಅಮೆರಿಕದ ಜನರ ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಅಭ್ಯಸಿಸಿ 2023ರಲ್ಲಿ ಪ್ರಕಟಿಸಿದರು. ರಾಜಕೀಯದಿಂದ ಹೆಚ್ಚು ಕ್ಷೋಭೆಗೊಂಡ ದಿನಗಳಲ್ಲಿ ಅವರ ಸ್ವಾಸ್ಥ್ಯ ಕುಗ್ಗುತ್ತಿತ್ತು. ಆದರೆ ಏನಾದರೂ ಮಾಡಬೇಕೆಂಬ ಇಚ್ಛೆಯೂ ಆ ದಿನಗಳಲ್ಲಿಯೇ ಹೆಚ್ಚುತ್ತಿತ್ತು. ಮನಸ್ಸನ್ನು ಬೇರೆಡೆಗೆ ತಿರುಗಿಸಿಕೊಂಡವರಿಗೆ ನೆಮ್ಮದಿಯೇನೋ ದೊರೆಯಿತು. ಅದರೊಡನೆ ಆ ಇಚ್ಛೆಯೂ ಇಳಿಯಿತು. ಬಳಲಿದವರೆಲ್ಲ ಬಾಗಿಲು ಹಾಕಿಕೊಂಡರೆ ಬೀದಿಯಲ್ಲಿ ಉಳಿಯುವವರು ಬಳಲದವರು ಮಾತ್ರ. ಅಭ್ಯರ್ಥಿಗಳ ಕಿವಿಗೆ ಬೀಳುವುದೂ ಅವರ ಮಾತೇ. ಗಾಂಧಿ ಬಜಾರಿನ ಚರಂಡಿ, ವಾಹನ ನಿಲುಗಡೆಗಳ ಮಾತನ್ನು ಎತ್ತಬೇಕಾದವನು ಗಲ್ಲೆಯ ಮುಂದೆ ಕುಳಿತಿರುವ ಆ ವರ್ತಕನೇ ಅಲ್ಲವೆ?

ಮತದಾನ ಮುಗಿಯುವ ಮುನ್ನಿನ 48 ಗಂಟೆಗಳಲ್ಲಿ ಬಹಿರಂಗ ಪ್ರಚಾರ ಸಲ್ಲದೆಂಬುದು 1951ರ ಪ್ರಜಾಪ್ರತಿನಿಧಿ ಕಾಯಿದೆಯ 126ನೆಯ ವಿಧಿ. ಆ ಎರಡು ದಿನಗಳಿಂದ ವರ್ತಕನ ಕಿವಿಗೆ ಬಿಡುವು ಆರಂಭವಾಗುತ್ತದೆ. ಕಾರ್ಯಕರ್ತನ ಸರದಿ ಬರುವುದು ಅನಂತರ. 2019ರಲ್ಲಿ ಶಿವಮೊಗ್ಗವು ಏಪ್ರಿಲ್ 23ರಂದು ಮತ ನೀಡಿತು. ಎಣಿಕೆ ನಡೆದುದು ಮೇ 23ರಂದು. ಮೂವತ್ತು ದಿನಗಳ ಕಾಯುವಿಕೆ! ಲಂಡನ್ನಿನಲ್ಲಿ 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಿದ್ಯುತ್ತಿನ ಆಘಾತವು ಖಂಡಿತ ಬರುವುದೆಂದು ತಿಳಿದವರಿಗಿಂತ, ಬಂದರೂ ಬರಬಹುದು ಬಾರದೆಯೂ ಇರಬಹುದು ಎಂಬ ಸಮಸಂದೇಹದಲ್ಲಿದ್ದವರೇ ಹೆಚ್ಚು ತಳಮಳಗೊಂಡರು. ಓಡಾಡುವುದಕ್ಕೆ ಮೆರವಣಿಗೆಯಿಲ್ಲ, ಹಂಚುವುದಕ್ಕೆ ಕರಪತ್ರವಿಲ್ಲ; ಅವನ ಕೈಯಲ್ಲಿದ್ದ ಗುಂಡಿಯೂ ಈಗ ಇಲ್ಲ. ಜವಳಿ ಅಂಗಡಿಯೊಳಗೆ ಮದುವೆಯ ಸೀರೆಗಳನ್ನು ಬಿಚ್ಚಿ ಹರಡುತ್ತಿರುವಾಗ, ಹೊರಗಿನ ಜಗಲಿಯಲ್ಲಿ ಕುಳಿತ ಅವನು ಬೂತುವಾರು ಮತಗಳನ್ನು ಮತ್ತೊಮ್ಮೆ ಕೂಡಿಸುತ್ತಾನೆ, ಮತ್ತೊಮ್ಮೆ ಕಳೆಯುತ್ತಾನೆ.