ಅಲ್ಸಾಸಿನ ದ್ರಾಕ್ಷಾರಸ, ಮಠದ ಚೀಸ್

ದ್ರಾಕ್ಷಾರಸವನ್ನು ಪ್ರತಿದಿನ ಬಲಿಪೂಜೆಯಲ್ಲಿ ಕೈಯಲ್ಲೆತ್ತುವ ನನಗೆ, ಅದನ್ನು ಊಟದ ಮೇಜಿನ ಮೇಲೆ ಕಂಡಾಗ ಮಾತ್ರ ಸಂಕೋಚವಾಗುತ್ತದೆ. ಕುಡಿತದಿಂದ ಕೆಟ್ಟ ಮನೆಗಳ ಕಣ್ಣೀರನ್ನು 25 ವರ್ಷಗಳಿಂದ ಕಂಡವನ ಸಂಕೋಚವದು.

ಫ್ರಾನ್ಸಿನ ಪೂರ್ವದಂಚಿನ ಅಲ್ಸಾಸ್ ಪ್ರಾಂತ್ಯದಲ್ಲಿ, ಕೊಲ್ಮಾರ್ ನಗರದ ಬಳಿಯ ಹಳ್ಳಿಯೊಂದರ ವೃದ್ಧ ಧರ್ಮಗುರುಗಳ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಊಟಕ್ಕೆ ಕುಳಿತಾಗಲೂ ಹಾಗೆಯೇ ಆಯಿತು. ಅವರು ನನ್ನ ಲೋಟಕ್ಕೆ ಎರಡು ಬೆರಳಿನಷ್ಟು ಮಾತ್ರ ಸುರಿದು, "ಈಗಲೇ ಕುಡಿಯಬೇಡಿ, ಮೊದಲು ಮೂಸಿ ನೋಡಿ" ಎಂದರು.

ಮೂಸಿದೆ. ಮೊದಲು ಗುಲಾಬಿ, ಅದರ ಹಿಂದೆಯೇ ಲಿಚ್ಚಿ ಹಣ್ಣು. ಲೋಟವನ್ನು ಮೆಲ್ಲನೆ ತಿರುಗಿಸಿದಾಗ ಶುಂಠಿಯ ಛಾಯೆ. ಗೆವುರ್ಟ್ಸ್‌ಟ್ರಾಮಿನರ್ ಎಂಬ ದ್ರಾಕ್ಷಿಯ ಬಿಳಿ ವೈನ್ ಇದು. 'ಗೆವುರ್ಟ್ಸ್' ಎಂದರೆ ಜರ್ಮನ್ ಭಾಷೆಯಲ್ಲಿ ಮಸಾಲೆ. ಹಣ್ಣಿನ ಸಿಪ್ಪೆ ನಸುಗೆಂಪು, ವೈನ್ ಮಾತ್ರ ಹೊಂಬಣ್ಣ. ಲಿಚ್ಚಿಯ ಪರಿಮಳ ಕೇವಲ ಕಲ್ಪನೆಯಲ್ಲ. ರೋಸ್ ಆಕ್ಸೈಡ್ ಎಂಬ ಒಂದೇ ವಸ್ತು ಎರಡರಲ್ಲಿಯೂ ಇದೆಯೆಂದು ರಸಾಯನಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಪಶ್ಚಿಮದಲ್ಲಿ ವೋಜ್ ಪರ್ವತಗಳು ಮಳೆಮೋಡಗಳನ್ನು ತಡೆಯುವುದರಿಂದ ಕೊಲ್ಮಾರ್ ಫ್ರಾನ್ಸಿನ ಅತಿ ಕಡಿಮೆ ಮಳೆಯ ಊರುಗಳಲ್ಲೊಂದು. ಅಲ್ಲಿಯ ಬಿಸಿಲಿನಲ್ಲಿ ಚೆನ್ನಾಗಿ ಮಾಗಿದ ಈ ದ್ರಾಕ್ಷಿಯಲ್ಲಿ ಸಕ್ಕರೆ ಹೆಚ್ಚು, ಹುಳಿ ಕಡಿಮೆ; ಆದುದರಿಂದ ವೈನಿನ ಮದ್ಯಾಂಶ ಶೇ. 13ನ್ನು ದಾಟುವುದೂ ಉಂಟು. ಪರಿಮಳ ಮೃದುವೆಂದು ಮೋಸಹೋಗಬಾರದು. ಅದನ್ನು ಸುಮಾರು 10 ಡಿಗ್ರಿ ತಂಪಿನಲ್ಲಿ ಬಡಿಸುತ್ತಾರೆ. ಇನ್ನೂ ತಣ್ಣಗಾದರೆ ಪರಿಮಳ ಮುದುಡುತ್ತದೆ.

ಅನಂತರ ಬಂದದ್ದು ಮುನ್‌ಸ್ಟರ್ ಚೀಸ್. ಅಡುಗೆಮನೆಯಿಂದ ಅದು ಹೊರಡುವ ಮೊದಲೇ ಅದರ ವಾಸನೆ ಬಂದು ಮುಟ್ಟಿತು. ಒಣಮೀನಿನ ಡಬ್ಬಿಯ ಮುಚ್ಚಳ ತೆರೆದಂತೆ! ಮಠ ಎಂಬರ್ಥದ ಲ್ಯಾಟಿನ್ ಪದವೇ ಅದರ ಹೆಸರಿನ ಮೂಲ. 7ನೆಯ ಶತಮಾನದಲ್ಲಿ ವೋಜ್ ಕಣಿವೆಯಲ್ಲಿ ತಲೆಯೆತ್ತಿದ ಮಠವೊಂದು ಊರಿಗೂ ಚೀಸಿಗೂ ಹೆಸರು ಕೊಟ್ಟಿತು. ಉಪ್ಪುನೀರಿನಿಂದ ಮತ್ತೆ ಮತ್ತೆ ಒರೆಸಿ ಮಾಗಿಸುವ ಈ ಚೀಸಿನ ಮುಂದೆ ಸಾಧಾರಣ ಬಿಳಿ ವೈನ್ ಸೋತುಹೋಗುತ್ತದೆ. ಗೆವುರ್ಟ್ಸ್‌ಟ್ರಾಮಿನರ್ ಸೋಲುವುದಿಲ್ಲ, ಉಪ್ಪಿಗೆ ಅದರ ನಸುಸಿಹಿ, ಗಡಸು ವಾಸನೆಗೆ ಅದರ ಗುಲಾಬಿ ಎದುರು ನಿಲ್ಲುತ್ತವೆ. ಜೊತೆಗೆ ಜೀರಿಗೆಯಂಥ ಕಾಳುಗಳನ್ನು ಇಡುತ್ತಾರೆ. ಅವರು ಜೀರಿಗೆಯೆಂದು ಕರೆದರೂ ಅದು ಬಹುಮಟ್ಟಿಗೆ ಕ್ಯಾರವೇ ಎಂಬ ಬೇರೊಂದು ಕಾಳು.

ಸಂತ ಬೆನೆಡಿಕ್ಟರ ನಿಯಮಗ್ರಂಥದ 40ನೆಯ ಅಧ್ಯಾಯವನ್ನು ಆತಿಥೇಯರು ನೆನಪಿಸಿದರು. ಅದರಲ್ಲಿ ಸನ್ಯಾಸಿಯೊಬ್ಬನಿಗೆ ದಿನಕ್ಕೆ ಒಂದು 'ಹೆಮಿನಾ', ಅಂದರೆ ಹೆಚ್ಚುಕಡಿಮೆ ಕಾಲು ಲೀಟರು, ದ್ರಾಕ್ಷಾರಸ ಸಾಕೆಂದಿದೆ. ಅದನ್ನೂ ತೊರೆಯುವ ಶಕ್ತಿಯನ್ನು ದೇವರಿಂದ ಪಡೆದವರಿಗೆ ವಿಶೇಷ ಪ್ರತಿಫಲವುಂಟೆಂದೂ ಇದೆ. ಸಂತ ತೋಮಸ್ ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದ್ರಾಕ್ಷಾರಸವು ಸ್ವತಃ ನಿಷಿದ್ಧವಲ್ಲವಾದರೂ, ಅದರಿಂದ ಸುಲಭವಾಗಿ ಕೆಡುವ ವ್ಯಕ್ತಿಗೆ ನಿಷಿದ್ಧವಾಗುತ್ತದೆ ಎನ್ನುತ್ತಾರೆ. ಗುರುಮಠದಲ್ಲಿ ಓದುವಾಗ ಇದು ನನಗೆ ಬರಿಯ ತರ್ಕವಾಗಿ ತೋರಿತ್ತು.

ಆ ಮೇಜಿನಲ್ಲಿ ನಾಲ್ಕನೆಯವರಾಗಿ ದೇವಾಲಯದ ಉಸ್ತುವಾರಿ ನೋಡಿಕೊಳ್ಳುವ ಹಿರಿಯರೊಬ್ಬರಿದ್ದರು. ಅವರ ಮುಂದೆ ವೈನ್ ಲೋಟವನ್ನೇ ಇಟ್ಟಿರಲಿಲ್ಲ, ಸೇಬಿನ ರಸವಿತ್ತು. ಯಾರೂ ಕಾರಣ ಕೇಳಲಿಲ್ಲ, ಒತ್ತಾಯಿಸಲೂ ಇಲ್ಲ. "ಒಂದೇ ಗುಟುಕು, ಏನಾಗುತ್ತದೆ?" ಎಂದು ಕೈಹಿಡಿದೆಳೆಯುವ ನಮ್ಮ ಮದುವೆಮನೆಗಳು ನನಗೆ ನೆನಪಾದವು. ಊಟದ ನಡುವೆ ಅವರೇ ಮುರುಕು ಇಂಗ್ಲಿಷಿನಲ್ಲಿ, "ಬಿಟ್ಟು 11 ವರ್ಷವಾಯಿತು ಫಾದರ್" ಎಂದರು. ಆಮೇಲೆ ಚಾಕು ತೆಗೆದುಕೊಂಡು ನಮ್ಮೆಲ್ಲರಿಗೂ ಚೀಸ್ ಕತ್ತರಿಸಿ ಹಂಚಿದರು; ಊರಿನಲ್ಲಿ ಅವರಷ್ಟು ಚೆನ್ನಾಗಿ ಕತ್ತರಿಸುವವರಿಲ್ಲವಂತೆ.

ಸೀಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಆತಿಥೇಯರು ಬಿರಡೆ ಹಾಕಿ ಅದನ್ನು ಒಳಗಿಟ್ಟು ಬಂದರು.