ಕಟ್ಟಿದ ಮೈ, ಹದವಾದ ಮನಸ್ಸು

ಬೆಳಗಿನ ಜಾವ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ಒಂದೇ ಊರಿನ ತೋಟದಿಂದ ಬಂದ ಸೇವಂತಿಗೆ, ಒಂದೇ ರೇಟು, ಅಕ್ಕಪಕ್ಕ ಇಬ್ಬರು ವ್ಯಾಪಾರಿಗಳು. ಒಬ್ಬನ ಮುಂದೆ ಐದಾರು ಜನ ಸೇರಿರುತ್ತಾರೆ, ಇನ್ನೊಬ್ಬ ಕುಕ್ಕೆಗೆ ನೀರು ಚಿಮುಕಿಸುತ್ತ ಕೂತಿರುತ್ತಾನೆ. ಜನ ಸೇರಿರುವ ಕಡೆಯವನು ಸಿನಿಮಾ ಹೀರೋ ಥರ ಏನೂ ಇಲ್ಲ. ಮಾಸಲು ಅಂಗಿ, ಕೊರಳಿಗೊಂದು ಟವೆಲ್. ಆದರೆ ಅವನು ಬೆನ್ನು ಬಾಗಿಸದೆ ಕೂತಿದ್ದಾನೆ, ಬಂದವರ ಮುಖ ನೋಡಿ ಮಾತಾಡುತ್ತಾನೆ. "ಬನ್ನಿ ಅಕ್ಕ, ಮದುವೆ ಮನೇಗಾ? ಹಾಗಾದ್ರೆ ಇದು ಬೇಡ, ಸಂಜೆಗೆ ಬಾಡುತ್ತೆ. ಆ ಮೊಗ್ಗು ತಗೊಳ್ಳಿ." ತನ್ನ ಸರಕನ್ನೇ ಬೇಡ ಅಂದ ಆ ಒಂದು ಮಾತಿಗೆ ಅಕ್ಕ ಅವನ ಖಾಯಂ ಗಿರಾಕಿಯಾಗುತ್ತಾರೆ.

ಗಂಡಸಿನ ಆಕರ್ಷಣೆ ಎಂಬುದು ಎಲ್ಲಿರುತ್ತದೆ ಎಂದು ಕೇಳುವ ಹುಡುಗರಿಗೆ ನಾನು ಮೊದಲು ತೋರಿಸುವುದು ಇವನನ್ನೇ. ಏಕೆಂದರೆ ಇವತ್ತು ಆ ಪ್ರಶ್ನೆಗೆ ಉತ್ತರ ಕೊಡುವವರೆಲ್ಲ ಏನನ್ನೋ ಮಾರುವವರು. ಬಿಳುಪಿನ ಕ್ರೀಮು, ಡಬ್ಬಿಯ ಪುಡಿ, ಮೂರು ತಿಂಗಳಲ್ಲಿ ಮೈ ಉಬ್ಬಿಸುವ ಇಂಜೆಕ್ಷನ್, ಹುಡುಗಿಯರನ್ನು ಒಲಿಸಿಕೊಳ್ಳುವ ಹತ್ತು ಸೂತ್ರಗಳು. ಇಪ್ಪತ್ತರ ಹರೆಯದಲ್ಲಿ ಕನ್ನಡಿ ಮುಂದೆ ನಿಂತು ಕೊರಗುವ ಹುಡುಗನ ಸಂಕಟ ನಿಜವಾದದ್ದು. ಅದನ್ನು ಹಗುರವಾಗಿ ಕಾಣಬಾರದು, ವ್ಯಾಪಾರಕ್ಕೂ ಬಿಟ್ಟುಕೊಡಬಾರದು. ಇದೇ ಪ್ರಶ್ನೆಗೆ ಈ ಮಾರುಕಟ್ಟೆಯ ಕೂಗಳತೆಯಲ್ಲೇ ಒಬ್ಬರು ತಮ್ಮ ಇಡೀ ಬದುಕಿನಿಂದ ಉತ್ತರ ಕೊಟ್ಟುಹೋಗಿದ್ದಾರೆ.

ಕೋಟೆಯ ಬಳಿಯ ವ್ಯಾಯಾಮಶಾಲೆ

ಕೆ.ವಿ. ಅಯ್ಯರ್, ಅಂದರೆ ಕೋಲಾರ ವೆಂಕಟೇಶ ಅಯ್ಯರ್, ಹುಟ್ಟಿದ್ದು 1897ರಲ್ಲಿ. ಯೂಜೀನ್ ಸ್ಯಾಂಡೋ ಎಂಬ ಜಗಜಟ್ಟಿಯ ಚಿತ್ರಗಳು ದೇಶ ದೇಶಗಳ ಯುವಕರ ಗೋಡೆಗೇರಿದ್ದ ಕಾಲ ಅದು. 1920ರ ದಶಕದಲ್ಲಿ ಅಯ್ಯರ್ ಕೋಟೆ ಪ್ರದೇಶದಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ಆರಂಭಿಸಿದರು. ಮುಂದೆ ಅದು ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆಯಾಗಿ ನೆಲೆ ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲ ಅದಕ್ಕಿತ್ತು. ಅದೇ ಮಹಾರಾಜರ ಹೆಸರು ಹೊತ್ತ ಮಾರುಕಟ್ಟೆ 1928ರಲ್ಲಿ ತಲೆ ಎತ್ತಿತು. ಪೇಟೆಯ ಹುಡುಗರು ಒಂದು ಕಡೆ ತರಕಾರಿ ಮೂಟೆ ಹೊರುತ್ತಿದ್ದರೆ, ಸ್ವಲ್ಪ ದೂರದಲ್ಲಿ ಇನ್ನೊಂದಿಷ್ಟು ಹುಡುಗರು ಕಬ್ಬಿಣ ಎತ್ತಲು ಕಲಿಯುತ್ತಿದ್ದರು.

ಅಯ್ಯರ್ ತಮ್ಮ ಮೈಕಟ್ಟಿನ ಬಗ್ಗೆ ಸಂಕೋಚ ಇಟ್ಟುಕೊಂಡವರಲ್ಲ. ಶಿಲ್ಪದಂಥ ಭಂಗಿಗಳಲ್ಲಿ ಅವರು ತೆಗೆಸಿಕೊಂಡ ಫೋಟೋಗಳು ವಿದೇಶದ ಪತ್ರಿಕೆಗಳಲ್ಲೂ ಅಚ್ಚಾದವು. 1930ರಲ್ಲಿ 'ಮಸಲ್ ಕಲ್ಟ್', 1937ರಲ್ಲಿ 'ಸೂರ್ಯ ನಮಸ್ಕಾರ್' ಎಂಬ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ಬೆಂಗಳೂರಿಗೆ ಬರಲಾಗದವರಿಗೆ ಅಂಚೆಯ ಮೂಲಕ ಪಾಠ ಕಳಿಸಿದರು. ಅವರ ವಿಧಾನದಲ್ಲಿ ಪಶ್ಚಿಮದ ಬಾರ್‌ಬೆಲ್ ಇತ್ತು, ನಮ್ಮ ಹಠಯೋಗದ ಆಸನಗಳಿದ್ದವು, ಸೂರ್ಯ ನಮಸ್ಕಾರವಿತ್ತು. ಹೊರಗಿನ ಸ್ನಾಯುವಿಗೆ ಭಾರ, ಒಳಗಿನ ಅಂಗಾಂಗಗಳ ಆರೋಗ್ಯಕ್ಕೆ ಯೋಗ ಎಂಬ ಹಂಚಿಕೆ ಅದು. ಮುಂದೆ ಬ್ಯಾಂಕ್ ಆಫ್ ಇಂಡಿಯಾದ ಮುಖ್ಯಸ್ಥರಾಗಿ, ನಿವೃತ್ತಿಯ ನಂತರ ಅದ್ವೈತ ಬೋಧಕರಾಗಿ ಹೆಸರಾದ ರಮೇಶ್ ಬಾಲ್ಸೇಕರ್ ಯೌವನದಲ್ಲಿ ಅವರ ಶಿಷ್ಯರಾಗಿದ್ದರು.

ಇಷ್ಟೇ ಆಗಿದ್ದರೆ ಅಯ್ಯರ್ ಒಬ್ಬ ಒಳ್ಳೆಯ ಅಂಗಸಾಧಕರಾಗಿ ಉಳಿಯುತ್ತಿದ್ದರು. ಕನ್ನಡಿಗರು ಅವರನ್ನು ನೆನೆಯುವುದು ಬೇರೆ ಕಾರಣಕ್ಕೂ ಹೌದು. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಒಡನಾಡಿ ಅವರು. 'ರವಿ ಕಲಾವಿದರು' ತಂಡ ಕಟ್ಟಿ ನಾಟಕ ಆಡಿಸಿದವರು. ಹೊಯ್ಸಳ ರಾಣಿಯ ಬದುಕನ್ನು 'ಶಾಂತಲಾ' ಕಾದಂಬರಿಯಲ್ಲಿ ಬಿಡಿಸಿಟ್ಟವರು. ಬೆಳಗ್ಗೆ ಕಬ್ಬಿಣ ಹಿಡಿದ ಕೈಗೆ ಸಂಜೆ ಲೇಖನಿ ಭಾರವಾಗಲಿಲ್ಲ.

ಒಂದೇ ಮುಖ, ಎರಡು ಚಿತ್ರ

ಅವರ 'ರೂಪದರ್ಶಿ' ಕಾದಂಬರಿಯನ್ನು ಪ್ರತಿಯೊಬ್ಬ ಯುವಕನೂ ಓದಬೇಕು. ಇಟಲಿಯ ಕಲಾವಿದನೊಬ್ಬ ಬಾಲಯೇಸುವಿನ ಚಿತ್ರಕ್ಕಾಗಿ ದೈವಕಳೆಯ ಮುಖ ಹುಡುಕುತ್ತಾನೆ. ಒಬ್ಬ ಹುಡುಗ ಸಿಗುತ್ತಾನೆ. ಎಷ್ಟೋ ವರ್ಷಗಳ ಮೇಲೆ ಗುರುದ್ರೋಹಿ ಜುದಾಸನ ಚಿತ್ರಕ್ಕೆ ಅಷ್ಟೇ ವಿಕಾರವಾದ ಮುಖ ಬೇಕಾಗುತ್ತದೆ. ಹುಡುಕಿ ಹುಡುಕಿ ಕೊನೆಗೆ ಸಿಕ್ಕವನು ಅದೇ ಹುಡುಗ. ಮೂಗು ಅದೇ, ಕಣ್ಣು ಅದೇ. ನಡುವೆ ನಡೆದ ಬದುಕು ಮಾತ್ರ ಮುಖವನ್ನು ತಿದ್ದಿಬಿಟ್ಟಿತ್ತು.

ಸಾವಿರಾರು ಮೈಗಳನ್ನು ತಿದ್ದಿದ ಗುರು ಈ ಕಥೆಯನ್ನು ಆರಿಸಿಕೊಂಡರು ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ತೋಳು, ತೊಡೆ, ಎದೆ ಹೇಗೆ ಬೆಳೆಯುತ್ತದೆ ಎಂದು ಅವರಷ್ಟು ಬಲ್ಲವರು ಕಡಿಮೆ. ಅಂಥವರು ರೂಪದ ಬಗ್ಗೆ ಬರೆಯಲು ಕೂತಾಗ ಕೈಗೆತ್ತಿಕೊಂಡದ್ದು ವ್ಯಾಯಾಮದಿಂದ ಬರದ, ವ್ಯಾಯಾಮ ಉಳಿಸಿಕೊಡಲೂ ಆಗದ ಚೆಲುವನ್ನು. ಮೈ ಕಟ್ಟುವುದು ಅರ್ಧ ಕೆಲಸ. ಉಳಿದರ್ಧವನ್ನು ನಾವು ದಿನವೂ ಆಡುವ ಮಾತು, ಇಟ್ಟುಕೊಳ್ಳುವ ಸಹವಾಸ, ಮಾಡುವ ದುಡಿಮೆ ಮಾಡುತ್ತವೆ.

ಗರಡಿಯ ಬಲ, ಕರಗದ ಹದ

ಅಯ್ಯರ್ ಅವರಿಗೂ ಮೊದಲೇ ಪೇಟೆಗೆ ಈ ತಿಳಿವಳಿಕೆ ಇತ್ತು. ಇಲ್ಲಿನ ಗರಡಿಮನೆಗಳಲ್ಲಿ ಕಾಲಿಡುವ ಮುನ್ನ ಮಟ್ಟಿಗೆ, ಅಂದರೆ ಅಖಾಡದ ಮಣ್ಣಿಗೆ, ಕೈ ಮುಗಿಯಬೇಕು. ಆಂಜನೇಯನ ಪಟದ ಮುಂದೆ ದಂಡ ಹೊಡೆದು, ಬಸ್ಕಿ ತೆಗೆದು, ಗದೆ ತಿರುಗಿಸಿದ ಮೇಲಷ್ಟೇ ಅಖಾಡಕ್ಕೆ ಇಳಿಯುವುದು. ಎದುರಾಳಿಯನ್ನು ಕೆಡವಿದವನೇ ಕೈ ಕೊಟ್ಟು ಎಬ್ಬಿಸುತ್ತಾನೆ. ಬಲ ಇರುವವನು ತಗ್ಗಿ ನಡೆಯಬೇಕು ಎಂಬ ಪಾಠವನ್ನು ಯಾವ ಉಸ್ತಾದರೂ ಬಾಯಲ್ಲಿ ಹೇಳಬೇಕಾಗಿಲ್ಲ. ಆ ಮಣ್ಣಿನಲ್ಲಿ ಬಿದ್ದು ಎದ್ದವನಿಗೆ ಅದು ತಾನಾಗಿ ಬರುತ್ತದೆ.

ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗವನ್ನು ಹೊರುವವನೂ ಗಂಡಸೇ. ತಿಂಗಳುಗಟ್ಟಲೆ ವ್ರತ ಹಿಡಿದು, ಮೈ ಪಳಗಿಸಿ, ಆ ರಾತ್ರಿ ಅವನು ಸೀರೆ ಉಡುತ್ತಾನೆ, ಬಳೆ ತೊಡುತ್ತಾನೆ. ಮಲ್ಲಿಗೆ ಮುಚ್ಚಿದ ಕರಗ ತಲೆಯ ಮೇಲಿದೆ, ಕೈ ಹಿಡಿಯುವಂತಿಲ್ಲ. ಸುತ್ತ ಕತ್ತಿ ಹಿರಿದ ವೀರಕುಮಾರರು, ಗೋವಿಂದನ ಘೋಷ. ಮಾರುಕಟ್ಟೆಯ ಆಸುಪಾಸಿನ ಬೀದಿಗಳಲ್ಲಿ ಅವನು ಹಾದುಹೋಗುವಾಗ ಲಕ್ಷಾಂತರ ಕಣ್ಣುಗಳು ಅವನೊಬ್ಬನ ಮೇಲೆ ನೆಟ್ಟಿರುತ್ತವೆ. ಗಂಡಸುತನ ಅಂದರೆ ಅಬ್ಬರ ಎಂದುಕೊಂಡವರು ಆ ನಡಿಗೆಯನ್ನು ನೋಡಬೇಕು. ಅಲ್ಲಿ ಜನರನ್ನು ಸೆಳೆಯುವುದು ಅವನ ಭಕ್ತಿ ಮತ್ತು ತೂಕ ತಪ್ಪದ ಹೆಜ್ಜೆ.

ಏನು ಮಾಡಬೇಕು?

ಮೊದಲು ಮೈ. ದುಬಾರಿ ಜಿಮ್ ಬೇಕೆಂದಿಲ್ಲ. ಸೂರ್ಯ ನಮಸ್ಕಾರ, ದಂಡ, ಬಸ್ಕಿಗೆ ಆರಡಿ ಜಾಗ ಸಾಕು, ಪಟ್ಟು ಬಿಡದೆ ಮಾಡಬೇಕು ಅಷ್ಟೆ. ಬೆನ್ನು ನೆಟ್ಟಗಾದರೆ ಉಸಿರು ತುಂಬುತ್ತದೆ, ಉಸಿರು ತುಂಬಿದರೆ ದನಿಗೆ ಕಸುವು ಬರುತ್ತದೆ. ವೈದ್ಯರ ಸಲಹೆಯಿಲ್ಲದೆ ಸ್ಟಿರಾಯ್ಡ್ ಹತ್ತಿರಕ್ಕೂ ಹೋಗಬೇಡಿ. ದೇಹ ತಾನೇ ಉತ್ಪಾದಿಸುವ ಪುರುಷ ಹಾರ್ಮೋನನ್ನು ಅದು ತಗ್ಗಿಸುತ್ತದೆ, ಸಂತಾನಶಕ್ತಿಗೆ ಏಟು ಕೊಡುತ್ತದೆ, ಹೃದಯಕ್ಕೂ ಯಕೃತ್ತಿಗೂ ಅಪಾಯ ತರುತ್ತದೆ. ಬಿಳುಪಿನ ಆಸೆಗೆ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿಕೊಂಡವರ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲು ತಾಳದಂತಾಗುತ್ತದೆ. ನಮ್ಮ ಬಣ್ಣಕ್ಕೆ ಔಷಧಿ ಬೇಕಿಲ್ಲ.

ಎರಡನೆಯದು ಮಾತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮಾತು ಬಲ್ಲವನಾಗಲು ಮೊದಲು ಕೇಳಿಸಿಕೊಳ್ಳಬೇಕು. ಎದುರಿನವರು ಮಾತಾಡುತ್ತಿರುವಾಗ ಫೋನು ಜೇಬಿನಲ್ಲಿರಲಿ. ವಾರಕ್ಕೊಂದು ಪುಸ್ತಕ ಕೈಯಲ್ಲಿರಲಿ. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೋ ಗೆಳೆಯರೊಂದಿಗೆ ಕಾಫಿ ಕುಡಿಯುವಾಗ ಹೇಳಲು ನಿಮ್ಮಲ್ಲಿ ಏನಾದರೂ ಇರಬೇಕಲ್ಲ. ಹಾಡಾಗಲಿ, ನಾಟಕವಾಗಲಿ, ಅಡುಗೆಯಾಗಲಿ, ಮನಸ್ಸಿಟ್ಟು ಮಾಡುವ ಒಂದು ಕೆಲಸ ಇರುವ ಮನುಷ್ಯನ ಕಣ್ಣಿನಲ್ಲಿ ಹೊಳಪು ತಾನಾಗಿ ಬರುತ್ತದೆ.

ಮೂರನೆಯದು ನಡತೆ, ಅದು ಎಲ್ಲಕ್ಕಿಂತ ದೊಡ್ಡದು. ಹಬ್ಬದ ಹಿಂದಿನ ದಿನ ಮಾರುಕಟ್ಟೆಯ ನೂಕುನುಗ್ಗಲಿನಲ್ಲಿ ಹೆಣ್ಣುಮಕ್ಕಳು ಕೈಚೀಲವನ್ನು ಎದೆಗವಚಿಕೊಂಡು ನಡೆಯುತ್ತಾರೆ. ಅಲ್ಲಿ ಒಬ್ಬ ಗಂಡಸು ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರೆ, ತಾಯಿಯ ವಯಸ್ಸಿನವರ ಚೀಲಕ್ಕೆ ಕೈ ಕೊಟ್ಟರೆ, ಅದನ್ನು ಯಾರೂ ಹೊಗಳುವುದಿಲ್ಲ. ಆದರೆ ಎಲ್ಲರೂ ಗಮನಿಸುತ್ತಾರೆ. ನಿಮ್ಮ ಪಕ್ಕದಲ್ಲಿ ನಿಂತ ಹೆಣ್ಣುಮಗಳಿಗೆ ಭಯವಾಗಬಾರದು. ಅಷ್ಟಾಗದೆ ಉಳಿದ ಯಾವ ಚೆಲುವಿಗೂ ಬೆಲೆಯಿಲ್ಲ.

ಹಾಗಾಗಿ ತಮ್ಮಂದಿರೇ, ಮೈ ಕಟ್ಟಿ, ಖಂಡಿತ ಕಟ್ಟಿ. ಚೆನ್ನಾಗಿ ಕಾಣಬೇಕೆಂಬ ಆಸೆಗೆ ನಾಚಬೇಡಿ. ಅದರ ಜೊತೆಗೆ ಓದಿ, ದುಡಿಯಿರಿ, ಕೊಟ್ಟ ಮಾತು ಉಳಿಸಿಕೊಳ್ಳಿ, ನಿಮಗಿಂತ ಬಲ ಕಡಿಮೆ ಇರುವವರ ಜೊತೆ ಮೆತ್ತಗಿರಿ. ನಾಳೆ ಬೆಳಗ್ಗೆ ಹತ್ತು ಸೂರ್ಯ ನಮಸ್ಕಾರದಿಂದ ಆರಂಭಿಸಿ. ಸಂಜೆ ಮನೆಯವರ ಮಾತನ್ನು ನಡುವೆ ಬಾಯಿ ಹಾಕದೆ ಹತ್ತು ನಿಮಿಷ ಕೇಳಿ.